ಎಮ್ಮೆಗೆ ನಂಬರ್ ಇದೆ, ನಾಯಿಗೆ ಲೆಕ್ಕವಿಲ್ಲ

ರಜೆಗೆ ಊರಿಗೆ ಬಂದಿದ್ದ ನಮ್ಮ ಅಣ್ಣನ ಮಗ ಒಂದು ಸಂಜೆ ಮೊಬೈಲು ಹಿಡಿದು ಕಟ್ಟೆಗೆ ಬಂದು ಕೂತ. ಇಂಜಿನಿಯರಿಂಗ್ ಕೊನೆಯ ವರ್ಷದವ. ನಾಲ್ಕು ಜನ ಸೇರಿ ಒಂದು ಪ್ರಾಜೆಕ್ಟ್ ಮಾಡಬೇಕಂತೆ.

'ಕಾಕಾ, ಬೀದಿನಾಯಿ ಸಲುವಾಗಿ ಒಂದು ಆ್ಯಪ್ ಮಾಡಾಕತ್ತೇವಿ. ಒಮ್ಮೆ ನೋಡಿ ಏನರ ಹೇಳು' ಅಂದ.

ನೋಡಿದೆ. ಚೆಂದ ಇತ್ತು. ಒಂದು ಗುಂಡಿ ಒತ್ತಿದರೆ ನಾಯಿಯ ಫೋಟೊ ಏರಿಸಬಹುದು. ಇನ್ನೊಂದರಲ್ಲಿ ಊಟ ಹಾಕುವವರ ಪಟ್ಟಿ. ಮತ್ತೊಂದು ಮರಿ ಸಾಕುವವರಿಗೆ. ಕೊನೆಯದು ದುಡ್ಡು ಕೊಡುವವರಿಗೆ. ಎಲ್ಲಾ ಇಂಗ್ಲಿಷಿನಲ್ಲಿ.

'ನಾಯಿ ಕಡಿದ್ರ ಯಾವುದು ಒತ್ತಬೇಕೋ ತಮ್ಮಾ?' ಅಂತ ಕೇಳಿದೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಾದ. 'ಅದು ಇದರಾಗ ಇಲ್ಲ ಕಾಕಾ. ಇದು ನಾಯಿ ಆರೈಕೆ ಆ್ಯಪ್' ಅಂದ.

ಹುಡುಗನ ಮನಸ್ಸು ಒಳ್ಳೆಯದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಾಯಿ ಆರೈಕೆ ಬೇರೆ, ನಾಯಿ ಕಡಿತ ಬೇರೆ ಎಂದು ತಿಳಿದುಕೊಂಡರೆ ಅಂಥ ಆ್ಯಪ್ ಹಳ್ಳಿಗೆ ಉಪಯೋಗವಿಲ್ಲ. ಹಳ್ಳಿಯಲ್ಲಿ ಇವೆರಡೂ ಒಂದೇ ಕೆಲಸ. ಯಾಕೆ ಹೀಗೆ ಹೇಳುತ್ತೇನೆ ಎನ್ನುವುದಕ್ಕೆ ನಮ್ಮ ಮನೆಯ ಒಂದು ಸಂಗತಿ ಹೇಳಬೇಕು.

ಸುದ್ದಿ ಊರಲ್ಲೇ ಇತ್ತು

ಕೆಲವು ವರ್ಷದ ಹಿಂದೆ ನಮ್ಮ ಎಮ್ಮೆ ಒಂದು ದಿನ ಮೇವು ಬಿಟ್ಟಿತು. ಎರಡನೆಯ ಸೂಲಿನ ಎಮ್ಮೆ, ಹಾಲಿನ ಎಮ್ಮೆ. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ನೀರು ಕುಡಿಯಲು ಬಾಯಿ ಹಾಕುತ್ತದೆ, ನುಂಗಲು ಆಗುವುದಿಲ್ಲ. ಗಂಟಲಲ್ಲಿ ಗೋವಿನಜೋಳದ ದಂಟು ಸಿಕ್ಕಿರಬೇಕೆಂದು ಎಲ್ಲರೂ ಅಂದರು. ನಾನೂ ಹಾಗೇ ತಿಳಿದು ತೋಳು ಮಡಿಚಿ ಬಾಯೊಳಗೆ ಕೈ ಹಾಕಿದೆ. ಏನೂ ಸಿಗಲಿಲ್ಲ. ಮರುದಿನ ದನಿ ಒಡೆದು ಒಂದೇ ಸಮನೆ ಒದರತೊಡಗಿತು, ಹಿಂಗಾಲು ಎಳೆಯತೊಡಗಿತು.

ಪಶುವೈದ್ಯರು ಬಂದವರು ಬಾಗಿಲಲ್ಲೇ ನಿಂತರು. ಮೊದಲು ಕೇಳಿದ್ದು ಎಮ್ಮೆಯ ವಿಚಾರವಲ್ಲ. 'ಯಾರ್‍ಯಾರು ಬಾಯಾಗ ಕೈ ಹಾಕೀರಿ?' ಎಂದು.

ನನ್ನ ಕೈ ತುಂಬ ಹತ್ತಿ ಕಟಿಗೆ ಕಿತ್ತ ಗೀರುಗಳು. ಮನೆಯ ಹೆಣ್ಣುಮಕ್ಕಳೂ ಜೊಲ್ಲು ಒರೆಸಿದ್ದರು. ಎಮ್ಮೆ ಸತ್ತಿತು. ನಾವೆಲ್ಲ ದವಾಖಾನೆಗೆ ಓಡಾಡಿ ಸೂಜಿ ಮಾಡಿಸಿಕೊಂಡೆವು. ಮೊದಲ ದಿನ, 3ನೆಯ ದಿನ, 7ನೆಯ ದಿನ, 28ನೆಯ ದಿನ. ಆ 28 ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿತೆಂದರೆ ಮನುಷ್ಯರಿಗಾಗಲಿ ದನಕ್ಕಾಗಲಿ ಮದ್ದಿಲ್ಲ ಎನ್ನುವುದು ಗೊತ್ತಿದ್ದ ಮಾತೇ. ತನ್ನ ಮನೆ ಬಾಗಿಲಿಗೆ ಬಂದಾಗ ಅದರ ತೂಕ ತಿಳಿಯುತ್ತದೆ.

ಎಮ್ಮೆ ಮಣ್ಣು ಮಾಡಿ ಬಂದ ಮೇಲೆ ಒಂದೊಂದೇ ಮಾತು ಹೊರಬಿತ್ತು. ತಿಂಗಳೂವರೆ ಹಿಂದೆ ಪರ ಊರಿನ ಒಂದು ನಾಯಿ ಬಾಯಿ ತೆರೆದುಕೊಂಡು ಹಳ್ಳದ ದಂಡೆಗುಂಟ ಓಡಿಹೋಗಿತ್ತಂತೆ. ಕುರಿ ಕಾಯುವವ ನೋಡಿದ್ದ. ಅವನ ಒಂದು ಕುರಿಯನ್ನೂ ಹಿಡಿದಿತ್ತು. ಅದು ಎಮ್ಮೆಗಳ ನಡುವೆ ನುಗ್ಗಿದ್ದನ್ನು ಶಾಲೆ ಬಿಟ್ಟು ಬರುತ್ತಿದ್ದ ಹುಡುಗರು ಕಂಡಿದ್ದರು. ಯಾರ ಎಮ್ಮೆ ಎಂದು ಅವರಿಗೆ ತಿಳಿದಿರಲಿಲ್ಲ. ಪಕ್ಕದ ಹಳ್ಳಿಯವರು ಆ ನಾಯಿಯನ್ನು ಅದೇ ಸಂಜೆ ಹೊಡೆದು ಹಾಕಿದ್ದರು.

ಅಂದರೆ ಸುದ್ದಿ ಊರಲ್ಲೇ ಇತ್ತು. ನಾಲ್ಕು ಜನರ ಹತ್ತಿರ ನಾಲ್ಕು ತುಂಡಾಗಿತ್ತು. ನನ್ನ ಮನೆಗೆ ಮಾತ್ರ ಬರಲಿಲ್ಲ. ಕಡಿದ ದಿನವೇ ತಿಳಿದಿದ್ದರೆ ಗಾಯ ಸಾಬೂನಿನಿಂದ ತೊಳೆದು ಎಮ್ಮೆಗೂ ಸೂಜಿ ಕೊಡಿಸಬಹುದಿತ್ತು. ದನಕ್ಕೂ ಕಡಿತದ ನಂತರದ ಲಸಿಕೆ ಇದೆ, ಐದು ಸಲ ಕೊಡುತ್ತಾರೆ. ಬದುಕುತ್ತಿತ್ತೋ ಇಲ್ಲವೋ, ಅದರ ಬಾಯಲ್ಲಿ ಕೈಯನ್ನಂತೂ ಹಾಕುತ್ತಿರಲಿಲ್ಲ.

ಆ ಸಿಟ್ಟಿನಲ್ಲಿ ಓಣಿಯವರು ನಮ್ಮ ಓಣಿಯದೇ ಎರಡು ನಾಯಿ ಹೊಡೆದು ಕೊಂದರು. ಅವು ಯಾರನ್ನೂ ಕಡಿದವಲ್ಲ, ರಾತ್ರಿ ಕಣ ಕಾಯುತ್ತಿದ್ದವು. ನಾನೂ ಬೇಡ ಅನ್ನಲಿಲ್ಲ. ಎರಡೇ ತಿಂಗಳಲ್ಲಿ ಆ ಜಾಗಕ್ಕೆ ಎಲ್ಲಿಂದಲೋ ಮೂರು ಹೊಸ ನಾಯಿ ಬಂದು ಸೇರಿದವು. ಇವಕ್ಕೆ ನಮ್ಮ ಪರಿಚಯವಿಲ್ಲ, ನಮಗೆ ಇವುಗಳದ್ದಿಲ್ಲ. ನಾಯಿ ಕೊಂದು ನಾವು ಗಳಿಸಿದ್ದು ಇಷ್ಟೇ.

ಕಿವಿಯ ಓಲೆ ಕಲಿಸುವ ಪಾಠ

ನಮ್ಮ ದನಗಳ ಕಿವಿಯಲ್ಲಿ ಹಳದಿ ಓಲೆ ಇದೆ. ಅದರಲ್ಲಿ 12 ಅಂಕಿಯ ನಂಬರು. ಕಾಲುಬಾಯಿ ಜ್ವರದ ಲಸಿಕೆ ಹಾಕಲು ಬಂದವರು ಆ ನಂಬರನ್ನು ಮೊಬೈಲಿಗೆ ಹಾಕುತ್ತಾರೆ. ಯಾರ ದನ, ಯಾವ ದಿನ ಲಸಿಕೆ ಆಯಿತು, ಎಲ್ಲಾ ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಸೇರುತ್ತದೆ. 2020ರಿಂದ ನಮ್ಮ ಬೆಳೆ ಸಮೀಕ್ಷೆಯನ್ನೂ ನಾವೇ ಮೊಬೈಲಿನಲ್ಲಿ ಮಾಡಿದ್ದೇವೆ. ಹೊಲದಲ್ಲಿ ನಿಂತು ಗೋವಿನಜೋಳದ ಫೋಟೊ ತೆಗೆದು ಏರಿಸಿದ್ದೇವೆ. ಆದ್ದರಿಂದ ಹಳ್ಳಿಯವರಿಗೆ ಆ್ಯಪ್ ತಿಳಿಯುವುದಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಎಮ್ಮೆಗೆ ನಂಬರ್ ಇದೆ. ಬೆಳೆಗೆ ಲೆಕ್ಕ ಇದೆ. ಆ ಎಮ್ಮೆಯನ್ನೂ ಅದರ ಒಡೆಯನನ್ನೂ ಕೊಲ್ಲಬಲ್ಲ ರೋಗ ಹೊತ್ತು ತಿರುಗುವ ಪ್ರಾಣಿಗೆ ಮಾತ್ರ ಯಾವ ಲೆಕ್ಕವೂ ಇಲ್ಲ. ನಮ್ಮ ಓಣಿಯ ನಾಯಿಗಳನ್ನು ಒಂದು ಬೆಳಿಗ್ಗೆ ಎಣಿಸಿದೆ. ಹನ್ನೊಂದು ಸಿಕ್ಕವು. ಎಷ್ಟಕ್ಕೆ ಲಸಿಕೆ ಆಗಿದೆ ಎಂದು ಕೇಳಿದರೆ ಹೇಳುವವರು ಒಬ್ಬರೂ ಇಲ್ಲ.

ಇದು ಸಣ್ಣ ವಿಷಯವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ವರ್ಷಕ್ಕೆ 91 ಲಕ್ಷ ಜನರಿಗೆ ಪ್ರಾಣಿ ಕಡಿತ ಆಗುತ್ತದೆ. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ನಾಯಿಯದೇ. ರೇಬೀಸ್‌ನಿಂದ ಸಾಯುವವರು ವರ್ಷಕ್ಕೆ 5,700ರಷ್ಟು. ನಮ್ಮ ರಾಜ್ಯ ಸರ್ಕಾರ 2022ರ ಡಿಸೆಂಬರಿನಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಿತು. ಒಳ್ಳೆಯ ಕೆಲಸ. ಆದರೆ ಅದು ರೋಗಿ ದವಾಖಾನೆ ಮುಟ್ಟಿದ ಮೇಲಿನ ಲೆಕ್ಕ. ನಮಗೆ ಬೇಕಾದದ್ದು ಅದಕ್ಕೂ ಮುಂಚಿನ ಲೆಕ್ಕ.

ಗೋವಾದವರು ಮಾಡಿ ತೋರಿಸಿದ್ದು

ಮೊಬೈಲಿನಿಂದ ಇದು ಆಗುವ ಕೆಲಸವೇ ಎಂದು ಕೇಳಿದರೆ, ನಮ್ಮ ಮಗ್ಗುಲಿನ ಗೋವಾದಲ್ಲಿ ಆಗಿದೆ. 'ಮಿಷನ್ ರೇಬೀಸ್' ಎಂಬ ಸಂಸ್ಥೆಯವರು ಅಲ್ಲಿಯ ಸರ್ಕಾರದ ಜೊತೆ ಸೇರಿ ನಾಯಿಗಳಿಗೆ ಲಸಿಕೆ ಹಾಕಿದರು. ಪ್ರತಿ ತಂಡದ ಕೈಯಲ್ಲಿ ಒಂದು ಮೊಬೈಲು. ಇಂದು ಯಾವ ವಠಾರ ಮುಗಿಸಬೇಕು ಎನ್ನುವುದು ಅದರ ನಕಾಶೆಯಲ್ಲಿ ಗೆರೆ ಹಾಕಿ ಬರುತ್ತಿತ್ತು. ಒಂದು ನಾಯಿಗೆ ಸೂಜಿ ಹಾಕಿದ ಕೂಡಲೇ ಆ ಜಾಗದಲ್ಲೇ ದಾಖಲೆ. ಯಾವ ಓಣಿ ಬಿಟ್ಟುಹೋಗಿದೆ ಎಂದು ಮೇಲ್ವಿಚಾರಣೆಯವರು ಅಲ್ಲಿಂದಲೇ ನೋಡಿ ಮರಳಿ ಕಳಿಸುತ್ತಿದ್ದರು.

ಸೂಜಿ ಹಾಕಿದ ನಾಯಿಗೆ ಬಣ್ಣದ ಗುರುತು. ಆಮೇಲೆ ಬೇರೆಯವರು ಅದೇ ದಾರಿಯಲ್ಲಿ ಹೋಗಿ ಬಣ್ಣ ಇದ್ದವು ಎಷ್ಟು, ಇಲ್ಲದವು ಎಷ್ಟು ಎಂದು ಎಣಿಸುತ್ತಿದ್ದರು. ಹತ್ತರಲ್ಲಿ ಏಳಕ್ಕೆ ಲಸಿಕೆ ಆದರೆ ರೋಗದ ಸರಪಳಿ ಕಡಿಯುತ್ತದೆ ಎನ್ನುವುದು ತಜ್ಞರ ಲೆಕ್ಕ. ಗೋವಾದಲ್ಲಿ ವರ್ಷಕ್ಕೆ 95,000ಕ್ಕೂ ಹೆಚ್ಚು ನಾಯಿಗೆ ಲಸಿಕೆ ಹಾಕುವವರೆಗೆ ಹೋದರು. 2013ರಿಂದ 2019ರ ಅವಧಿಯಲ್ಲಿ ನಾಯಿಗಳ ರೇಬೀಸ್ ಶೇಕಡಾ 92ರಷ್ಟು ಇಳಿಯಿತು, ಮನುಷ್ಯರ ಸಾವು ನಿಂತಿತು. ಶಾಲೆ ಮಕ್ಕಳಿಗೂ ವರ್ಷಕ್ಕೆ ಒಂದೂವರೆ ಲಕ್ಷ ಜನಕ್ಕೆ ತಿಳಿವಳಿಕೆ ಕೊಟ್ಟರು.

ಬೆಂಗಳೂರಿನಲ್ಲಿಯೂ 2023ರಲ್ಲಿ ಪಾಲಿಕೆಯವರು ಮೊಬೈಲು ಆ್ಯಪ್ ಹಿಡಿದೇ ಬೀದಿನಾಯಿ ಎಣಿಸಿದರು. 2019ರಲ್ಲಿ 3.10 ಲಕ್ಷ ಇದ್ದದ್ದು 2.79 ಲಕ್ಷಕ್ಕೆ ಇಳಿದಿತ್ತು. ಸಂತಾನಹರಣ ಆದ ನಾಯಿಯ ಕಿವಿಗೆ ಕಚ್ಚು ಹಾಕಿರುತ್ತಾರಲ್ಲ, ಆ ಗುರುತು ನೋಡಿ ಲೆಕ್ಕ ಹಿಡಿಯುತ್ತಾರೆ.

ಇಲ್ಲಿ ಕೆಲಸ ಮಾಡಿದ್ದು ಸೂಜಿ ಹಿಡಿದು ನಡೆದ ಮನುಷ್ಯರು. ಎಲ್ಲಿ ನಡೆಯಬೇಕು, ಎಲ್ಲಿ ಬಿಟ್ಟಿದೆ ಎಂದು ಆ್ಯಪ್ ಹೇಳಿತು, ಅಷ್ಟೇ. ನಮ್ಮ ಹುಡುಗರು ಮೊದಲು ತಿಳಿಯಬೇಕಾದದ್ದು ಇದು.

ನಮ್ಮೂರಿಗೆ ಎಂಥದ್ದು ಬೇಕು?

ಅಣ್ಣನ ಮಗನ ಜೊತೆ ಮೂರು ಸಂಜೆ ಕೂತು ಮಾತಾಡಿದೆವು. ಕುರಿಯವರನ್ನೂ ಆಶಾ ಕಾರ್ಯಕರ್ತೆಯನ್ನೂ ಕರೆದು ಕೇಳಿದೆವು. ಕೊನೆಗೆ ನಾನು ಹೇಳಿದ್ದು ಇಷ್ಟು.

ಮೊದಲ ಗುಂಡಿ 'ನಾಯಿ ಕಡಿದಿದೆ' ಎಂದೇ ಇರಬೇಕು. ಒತ್ತಿದ ಕೂಡಲೇ ಹೆಸರು, ಊರು, ಆಧಾರ್ ಎಂದು ಕೇಳಬಾರದು. 'ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರ, ಅರಿಶಿಣ ಹಚ್ಚಬೇಡಿ. ಇವತ್ತೇ ದವಾಖಾನೆಗೆ ಹೋಗಿ' ಎಂದು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು. ನಮ್ಮ ಬ್ಯಾಡಗಿ ಸೀಮೆಯಲ್ಲಿ ನಾಯಿ ಕಡಿತಕ್ಕೆ ಮೆಣಸಿನ ಖಾರ ತುಂಬುವ ಹಿರಿಯರು ಇನ್ನೂ ಇದ್ದಾರೆ. ಆಮೇಲೆ 3, 7, 28ನೆಯ ದಿನ ಫೋನ್ ತಾನೇ ನೆನಪು ಮಾಡಬೇಕು. ಮೊದಲ ಸೂಜಿಗೆ ಎಲ್ಲರೂ ಓಡುತ್ತಾರೆ. ಗಾಯ ಮಾಯ್ದ ಮೇಲೆ ಬಿತ್ತನೆಯ ಗಡಿಬಿಡಿಯಲ್ಲಿ ಕೊನೆಯದನ್ನು ಬಿಡುತ್ತಾರೆ.

ಎರಡನೆಯದು, ಮನುಷ್ಯರಿಗೆ ಕಡಿದಷ್ಟೇ ದನ ಕುರಿಗೆ ಕಡಿದದ್ದೂ ದಾಖಲಾಗಬೇಕು. ಯಾವ ಹೊಲದ ಹತ್ತಿರ, ಎಷ್ಟು ಹೊತ್ತಿಗೆ, ನಾಯಿ ಯಾವ ಕಡೆ ಹೋಯಿತು. ಈ ಸುದ್ದಿ ಪಶು ಆಸ್ಪತ್ರೆಗೆ ಮತ್ತು ಆ ದಿಕ್ಕಿನ ಊರುಗಳಿಗೆ ಕೂಡಲೇ ಮುಟ್ಟಬೇಕು. ಕುರಿ ಕಾಯುವವ ಬರೆಯಲಾರ. ಅವನು ಮಾತಾಡಿದರೆ ಸಾಕಾಗಬೇಕು. ಅಡವಿಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಫೋನಿನಲ್ಲೇ ಉಳಿದು, ಊರಿಗೆ ಬಂದ ಮೇಲೆ ತಾನೇ ಹೋಗಬೇಕು.

ಮೂರನೆಯದು, ಓಣಿವಾರು ನಾಯಿ ಪುಸ್ತಕ. ಫೋಟೊ, ಓಣಿ ಕರೆಯುವ ಹೆಸರು, ಲಸಿಕೆಯ ದಿನ, ಸಂತಾನಹರಣ ಆಗಿದೆಯೋ ಇಲ್ಲವೋ. ಕರಿಯಾ, ಚೆನ್ನಿ, ಗುಂಡ್ಯಾ ಎಂದು ಎಲ್ಲ ನಾಯಿಗೂ ಹೆಸರು ಇದ್ದೇ ಇರುತ್ತದೆ. ನಗರದಲ್ಲಿ ಇದಕ್ಕೇ ಕೊರಳಪಟ್ಟಿ ಕಟ್ಟುತ್ತಾರೆ. 2023ರಲ್ಲಿ ಮುಂಬಯಿ ವಿಮಾನ ನಿಲ್ದಾಣದ ಹೊರಗಿನ 20 ನಾಯಿಗೆ ಕ್ಯೂಆರ್ ಕೋಡಿನ ಪಟ್ಟಿ ಹಾಕಿದ್ದರು. ನಮ್ಮಲ್ಲಿ ಮುಳ್ಳುಬೇಲಿ ನುಗ್ಗುವ ನಾಯಿಯ ಕೊರಳಲ್ಲಿ ಅದು ವಾರ ನಿಲ್ಲುವುದು ಕಷ್ಟ. ಫೋಟೊ ಮತ್ತು ಓಣಿಯವರ ನೆನಪೇ ಗಟ್ಟಿ.

ನಾಲ್ಕನೆಯದು ಎಚ್ಚರಿಕೆಯ ಮಾತು. 'ಹುಚ್ಚನಾಯಿ' ಎಂಬ ಮಾತು ಪಶುವೈದ್ಯರು ಹೇಳದೆ ಆ್ಯಪಿನಲ್ಲಿ ಬರಕೂಡದು. ಅಲ್ಲಿಯವರೆಗೆ 'ಅನುಮಾನದ ನಾಯಿ, ದೂರ ಇರಿ' ಎಂದಿದ್ದರೆ ಸಾಕು. ಇಲ್ಲದಿದ್ದರೆ ಒಂದು ಫೋಟೊ ಹತ್ತು ವಾಟ್ಸಾಪ್ ಗುಂಪಿಗೆ ಹೋಗಿ, ಸಂಜೆಯೊಳಗೆ ಬಡಿಗೆ ಹಿಡಿದವರು ಹೊರಡುತ್ತಾರೆ. ನಾನು ಕಂಡಿದ್ದೇನೆ. ನಾಯಿ ಮಲಗುವ ಜಾಗದ ನಕಾಶೆಯೂ ಎಲ್ಲರಿಗೂ ಕಾಣಬಾರದು. ವಿಷ ಇಡುವವನಿಗೂ ಅದೇ ನಕಾಶೆ ಸಾಕಾಗುತ್ತದೆ. ಕಚ್ಚಿಸಿಕೊಂಡವರ ಹೆಸರು ದವಾಖಾನೆ ಬಿಟ್ಟು ಬೇರೆಯವರಿಗೆ ಬೇಡ.

ಐದನೆಯದು, ದುಡ್ಡು ಕೇಳುವ ಗುಂಡಿ ತೆಗೆಯಿರಿ. ದುಡ್ಡು ಬಂದಲ್ಲಿ ಜಗಳ ಬರುತ್ತದೆ, ಲೆಕ್ಕ ಹಿಂದೆ ಬೀಳುತ್ತದೆ.

'ಇಷ್ಟೆಲ್ಲ ಸುದ್ದಿ ಬಂದ್ರ ಯಾರು ನೋಡ್ತಾರ ಕಾಕಾ?' ಅಂದ ಹುಡುಗ. ಅವನು ಕೇಳಿದ್ದೇ ಸರಿಯಾದ ಪ್ರಶ್ನೆ.

ಕಾಯಿದೆ ಇದೆ, ಕೈ ಬೇಕು

ಕೇಂದ್ರ ಸರ್ಕಾರದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು 2001ರಲ್ಲಿ ಬಂದವು. ಅವನ್ನು ಬದಲಿಸಿ 2023ರ ಮಾರ್ಚಿನಲ್ಲಿ ಹೊಸವು ಬಂದವು. ಬೀದಿನಾಯಿಗೆ ಸಂತಾನಹರಣ ಮಾಡಿಸುವುದು, ಲಸಿಕೆ ಹಾಕಿಸುವುದು ಸ್ಥಳೀಯ ಸಂಸ್ಥೆಯ ಹೊಣೆ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ, ಸಂತಾನಹರಣ ಮತ್ತು ಲಸಿಕೆ ಆದ ನಾಯಿಗಳನ್ನು ಹಿಡಿದ ಜಾಗದಲ್ಲೇ ಬಿಡಬೇಕು, ರೇಬೀಸ್ ಇರುವ, ಅನುಮಾನವಿರುವ ಮತ್ತು ಮೈಮೇಲೆ ಬೀಳುವ ನಾಯಿಗಳನ್ನು ಬಿಡಬಾರದು ಎಂದಿತು. ಕಂಡಕಂಡ ಬೀದಿಯಲ್ಲಿ ಊಟ ಹಾಕಬಾರದು, ಅದಕ್ಕೆ ಜಾಗ ಗೊತ್ತುಮಾಡಬೇಕು ಎಂದೂ ಹೇಳಿತು. ಅದೇ ವರ್ಷ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಜಾಗಗಳಿಂದ ನಾಯಿ ಹಿಡಿದು, ಮರಳಿ ಅಲ್ಲಿ ಬಿಡದಂತೆ ಆದೇಶ ಮಾಡಿತು.

ಈ ಆದೇಶ ನಡೆಸಬೇಕಾದರೂ ಯಾವ ನಾಯಿಗೆ ಲಸಿಕೆ ಆಗಿದೆ, ಯಾವುದು ಎಲ್ಲಿಯದು ಎಂದು ಗೊತ್ತಿರಬೇಕಲ್ಲ? ಲೆಕ್ಕವಿಲ್ಲದ ಊರಿನಲ್ಲಿ ಆದೇಶ ಕಾಗದದಲ್ಲೇ ಉಳಿಯುತ್ತದೆ. ದಿಲ್ಲಿ, ಬೆಂಗಳೂರಿನಲ್ಲಿ ಇದಕ್ಕೆ ಜನ, ವಾಹನ, ಸಂಸ್ಥೆ ಇವೆ. ಹಳ್ಳಿಯಲ್ಲಿ ಸಂತಾನಹರಣಕ್ಕೆ ನಾಯಿ ಒಯ್ಯುವುದು ಬೇಗ ಆಗುವ ಕೆಲಸವಲ್ಲ ಎಂದು ನನಗೂ ಗೊತ್ತು. ಅದಕ್ಕೇ ಹೇಳುವುದು, ಲಸಿಕೆಯಿಂದ ಶುರುಮಾಡೋಣ. ಅದಕ್ಕೆ ಆಪರೇಷನ್ ಕೋಣೆ ಬೇಡ. ನಾಯಿಗೆ ರೊಟ್ಟಿ ಹಾಕುವ ಅಜ್ಜಿಯೊಬ್ಬಳು ಕರೆದರೆ ಅರ್ಧ ಓಣಿಯ ನಾಯಿಗಳು ಬಂದು ನಿಲ್ಲುತ್ತವೆ. ಅವಳು ಕರೆಯಬೇಕು, ಪಶು ಆಸ್ಪತ್ರೆಯವರು ಸೂಜಿ ಹಾಕಬೇಕು, ಒಬ್ಬ ಹುಡುಗ ಮೊಬೈಲಿನಲ್ಲಿ ಬರೆಯಬೇಕು.

ಆ್ಯಪಿನ ಕೊನೆಯಲ್ಲಿ ಒಬ್ಬ ಮನುಷ್ಯ ಇರಲೇಬೇಕು. ಪ್ರತಿ ಪಂಚಾಯಿತಿಗೆ ಒಬ್ಬರು. ಪಶು ಸಖಿ ಇದ್ದಲ್ಲಿ ಅವರಾಗಬಹುದು. ಅವರ ದುಡಿಮೆಗೆ ಪಂಚಾಯಿತಿ ಕೂಲಿ ಕೊಡಬೇಕು, ಸೇವೆ ಎಂದು ಪುಕ್ಕಟೆ ದುಡಿಸಬಾರದು. ಅವರಿಗೂ ರೇಬೀಸ್ ಲಸಿಕೆ ಮೊದಲೇ ಹಾಕಿಸಿರಬೇಕು. ತಿಂಗಳ ಕೊನೆಗೆ ಓಣಿವಾರು ಲೆಕ್ಕ ಒಂದೇ ಹಾಳೆಯಲ್ಲಿ ಪಂಚಾಯಿತಿ ಗೋಡೆಗೆ ಅಂಟಿಸಬೇಕು. ಇಷ್ಟು ನಾಯಿ, ಇಷ್ಟಕ್ಕೆ ಲಸಿಕೆ, ಇಷ್ಟು ಕಡಿತ, ಇಷ್ಟು ದೂರಿಗೆ ಉತ್ತರ ಬಂದಿಲ್ಲ ಎಂದು. ಮೊಬೈಲು ಇಲ್ಲದವನಿಗೂ ಓದಲು ಸಿಗುತ್ತದೆ, ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಲು ಆಧಾರ ಆಗುತ್ತದೆ.

ನಮ್ಮ ತಪ್ಪೂ ಇದೆ

ಇದನ್ನು ಬರೆಯುವಾಗ ನಮ್ಮ ಕಡೆಯ ತಪ್ಪನ್ನು ಮುಚ್ಚಿಡಬಾರದು. ಸತ್ತ ಕರು, ಸತ್ತ ಕೋಳಿ ಹಳ್ಳದ ದಂಡೆಗೆ ಎಸೆಯುವವರು ನಾವೇ. ನಾಯಿ ಗುಂಪುಗೂಡುವುದು ಅಲ್ಲಿಂದ. ಹೆಣದ ರುಚಿ ಕಂಡ ಗುಂಪು ಹಟ್ಟಿಯ ಮರಿಗೆ ಬಾಯಿ ಹಾಕಲು ಹೆಚ್ಚು ದಿನ ಬೇಕಿಲ್ಲ. ಒಂದು ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚುವುದು ಅರ್ಧ ದಿನದ ಕೆಲಸ. ಸಾಕಿದ ಹೆಣ್ಣುನಾಯಿ ಮರಿ ಹಾಕಿದಾಗ ಚೀಲದಲ್ಲಿ ಕಟ್ಟಿ ಪಕ್ಕದ ಊರಿನ ಹಾದಿಯಲ್ಲಿ ಬಿಟ್ಟು ಬರುವವರೂ ನಾವೇ. ಅವರ ಊರಿನವರೂ ಹಾಗೇ ತಂದು ನಮ್ಮ ಹಾದಿಯಲ್ಲಿ ಬಿಡುತ್ತಾರೆ.

ನಮ್ಮ ಸೀಮೆಗೆ ನಾಯಿ ಹೊಸದಲ್ಲ, ಹೀನವೂ ಅಲ್ಲ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದ ಮಾಲತೇಶನ ಗೊರವಪ್ಪಗಳು ದೋಣಿಯಲ್ಲಿ ಹಾಕಿದ್ದನ್ನು ನಾಯಿಯ ಹಾಗೆ ಬೊಗಳುತ್ತ ಬಾಯಿಂದಲೇ ತಿನ್ನುತ್ತಾರೆ. ಅದು ಸೇವೆ. ಆ ದೇವರಿಗೆ ನಡೆದುಕೊಳ್ಳುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ದೋಣಿ ತುಂಬಿಸುವ ಕೈಗಳು ವರ್ಷಕ್ಕೊಮ್ಮೆ ಓಣಿಯ ನಾಯಿಗೆ ಸೂಜಿ ಹಾಕಿಸಿದರೆ ಅದೂ ಸೇವೆಯೇ.

ಹುಡುಗ ರಜೆ ಮುಗಿಸಿ ಹೋದ. ಮೊದಲ ಗುಂಡಿ ಬದಲಿಸಿದ್ದೇನೆ ಎಂದು ಮೊನ್ನೆ ಫೋನ್ ಮಾಡಿದ್ದ. ಆ್ಯಪ್ ತಯಾರಾಗಲು ಇನ್ನೂ ತಿಂಗಳುಗಳು ಬೇಕಂತೆ. ಅಲ್ಲಿಯವರೆಗೆ ಸುಮ್ಮನೆ ಕೂಡುವುದು ಬೇಡವೆಂದು ನಾನು ಅಂಗಡಿಯಿಂದ ಇನ್ನೂರು ಪುಟದ ನೋಟ್‌ಬುಕ್ ತಂದು ನಮ್ಮ ಓಣಿಯ ಹನ್ನೊಂದು ನಾಯಿಗಳ ಹೆಸರು ಬರೆದಿದ್ದೇನೆ. ಲಸಿಕೆಯ ಕಾಲಂ ಪೂರ್ತಿ ಖಾಲಿ ಇದೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಹನ್ನೊಂದರಲ್ಲಿ ಎಂಟಾದರೂ ತುಂಬಬೇಕೆಂದು ಪಶು ಆಸ್ಪತ್ರೆಯವರಿಗೆ ಹೇಳಿ ಬಂದಿದ್ದೇನೆ.

ನಿಮ್ಮ ಓಣಿಯಲ್ಲಿ ಎಷ್ಟು ನಾಯಿ ಇವೆ? ನಾಳೆ ಹಾಲು ಹಾಕಲು ಹೋಗುವಾಗ ಒಮ್ಮೆ ಎಣಿಸಿ ನೋಡಿ. ಲೆಕ್ಕ ಇಟ್ಟು ಲಸಿಕೆ ಹಾಕಿಸಿದ ಊರು ನಿಮ್ಮದಾಗಿದ್ದರೆ ಹೇಗೆ ಮಾಡಿದಿರಿ ಎಂದು ಪತ್ರಿಕೆಗೆ ಎರಡು ಸಾಲು ಬರೆಯಿರಿ. ನಮ್ಮಂಥವರಿಗೆ ಅದು ಬೇಕು.